ರಿಕ್ರೂಟಿಂಗ್ ಕ್ಲಾಸ್ ರ‍್ಯಾಂಕಿಂಗ್‌ಗಳು: ಯಾವ ಲೆಕ್ಕವನ್ನು ಯಾವ ಪ್ರಶ್ನೆಗೆ ಬಳಸಬೇಕು?

ಅಮೆರಿಕದ ಕಾಲೇಜು ಫುಟ್‌ಬಾಲನ್ನು ಹಿಂಬಾಲಿಸುವವರು ಪ್ರತಿ ಡಿಸೆಂಬರ್‌ನಲ್ಲಿ ಒಂದು ಗೊಂದಲಕ್ಕೆ ಸಿಲುಕುತ್ತಾರೆ. ತಮ್ಮ ವಿಶ್ವವಿದ್ಯಾಲಯ ಆ ವರ್ಷ ಪ್ರೌಢಶಾಲೆಗಳಿಂದ ಸೇರಿಸಿಕೊಂಡ ಆಟಗಾರರ ತಂಡಕ್ಕೆ, ಅಂದರೆ ರಿಕ್ರೂಟಿಂಗ್ ಕ್ಲಾಸಿಗೆ, ಒಂದು ಜಾಲತಾಣ ಒಂದು ಸ್ಥಾನ ಕೊಟ್ಟಿದ್ದರೆ ಮತ್ತೊಂದು ತಾಣ ಅದೇ ದಿನ ನಾಲ್ಕೈದು ಮೆಟ್ಟಿಲು ಕೆಳಗೆ ಇಳಿಸಿರುತ್ತದೆ. ಹುಡುಗರು ಅವರೇ, ಸಹಿ ಹಾಕಿದ ಕಾಗದಗಳೂ ಅವೇ. ಬದಲಾದದ್ದು ಕೂಡುವ ಕ್ರಮ ಮಾತ್ರ. ಅಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳಲ್ಲಿ ಮಕ್ಕಳು ಓದುವ ಕಾಲೇಜಿನ ಮೂಲಕ ಈ ಆಟಕ್ಕೆ ಅಂಟಿಕೊಂಡವರಿಗೆ ಈ ಅಂಕಿಗಳು ಇನ್ನಷ್ಟು ಒಗಟಾಗಿ ಕಾಣುತ್ತವೆ, ಏಕೆಂದರೆ ಕ್ರಿಕೆಟ್‌ನಲ್ಲಿ ಇದಕ್ಕೆ ಸರಿಸಾಟಿಯಾದ ಪದ್ಧತಿ ಇಲ್ಲ. ಇದಕ್ಕೆ ಹೋಲಿಕೆ ಹುಡುಕಬೇಕಾದರೆ ಆಟದ ಮೈದಾನವನ್ನು ಬಿಟ್ಟು ನಮ್ಮ ಪಿಯು ಕಾಲೇಜುಗಳ ಗೇಟಿನ ಮುಂದೆ ಫಲಿತಾಂಶದ ಮರುದಿನ ಕಟ್ಟುವ ಫ್ಲೆಕ್ಸ್‌ಗಳನ್ನು ನೋಡಬೇಕು. ಒಂದು ಕಾಲೇಜು ಡಿಸ್ಟಿಂಕ್ಷನ್ ಪಡೆದವರ ಸಂಖ್ಯೆಯನ್ನು ದೊಡ್ಡದಾಗಿ ಬರೆಸಿರುತ್ತದೆ, ಇನ್ನೊಂದು ಶೇಕಡಾವಾರು ಉತ್ತೀರ್ಣತೆಯನ್ನು, ಮತ್ತೊಂದು ರಾಜ್ಯಕ್ಕೆ ರ‍್ಯಾಂಕ್ ಬಂದ ಒಬ್ಬಳೇ ವಿದ್ಯಾರ್ಥಿನಿಯ ಭಾವಚಿತ್ರವನ್ನು. ಮೂರೂ ಸುಳ್ಳಲ್ಲ, ಆದರೆ ಮೂರೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರಗಳು.

ಕ್ಲಾಸ್ ರ‍್ಯಾಂಕಿಂಗ್‌ಗಳೂ ಹಾಗೆಯೇ. ಯಾವುದು ಸರಿ ಎಂದು ಕೇಳುವ ಬದಲು, ನಮ್ಮ ಪ್ರಶ್ನೆ ಯಾವುದು ಮತ್ತು ಆ ಪ್ರಶ್ನೆಗೆ ಯಾವ ಲೆಕ್ಕ ಹೊಂದುತ್ತದೆ ಎಂದು ಕೇಳಿದರೆ ಆಯ್ಕೆ ಸುಲಭವಾಗುತ್ತದೆ.

ಮೊದಲ ಹಂತ: ಆಟಗಾರನಿಗೆ ಬೀಳುವ ಅಂಕ

ತಂಡದ ಅಂಕ ಹುಟ್ಟುವುದು ಒಬ್ಬೊಬ್ಬ ಆಟಗಾರನ ಅಂಕದಿಂದ. 247ಸ್ಪೋರ್ಟ್ಸ್, ಇಎಸ್‌ಪಿಎನ್, ರೈವಲ್ಸ್, ಆನ್ ಥ್ರೀ ಎಂಬ ಸಂಸ್ಥೆಗಳು ಪಂದ್ಯಗಳ ವಿಡಿಯೊ, ಬೇಸಿಗೆಯ ಶಿಬಿರಗಳು, ದೇಹದ ಅಳತೆ, ಓಟದ ವೇಗ, ಪ್ರೌಢಶಾಲೆಯ ಕೊನೆಯ ವರ್ಷದ ಆಲ್-ಸ್ಟಾರ್ ಪಂದ್ಯಗಳು ಇವನ್ನೆಲ್ಲ ನೋಡಿ ಹುಡುಗನಿಗೆ ಎರಡರಿಂದ ಐದು ನಕ್ಷತ್ರ ಕೊಡುತ್ತವೆ. ನಕ್ಷತ್ರದ ಹಿಂದೆ ಒಂದು ಸಂಖ್ಯೆ ಇರುತ್ತದೆ, ಮತ್ತು ಆ ಸಂಖ್ಯೆಯ ಅಳತೆಗೋಲು ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಇಎಸ್‌ಪಿಎನ್ 90ರಿಂದ ಮೇಲಿನವರನ್ನು ಐದು ನಕ್ಷತ್ರದವರೆಂದೂ 80ರಿಂದ 89ರವರೆಗಿನವರನ್ನು ನಾಲ್ಕು ನಕ್ಷತ್ರದವರೆಂದೂ ಕರೆಯುತ್ತದೆ. 247ಸ್ಪೋರ್ಟ್ಸ್‌ನ ಸ್ವಂತ ಅಳತೆಯಲ್ಲಿ ನಾಲ್ಕನೆಯ ನಕ್ಷತ್ರಕ್ಕೇ 90 ಬೇಕು. ರೈವಲ್ಸ್ ದೀರ್ಘಕಾಲ ಬಳಸಿದ ಅಳತೆ 6.1ಕ್ಕೆ ಮುಗಿಯುತ್ತಿತ್ತು, ಅದರಲ್ಲಿ 5.8 ಪಡೆದವನು ನಾಲ್ಕು ನಕ್ಷತ್ರದವನು, 5.7ರವನು ಮೂರು ನಕ್ಷತ್ರದವನು. ಆದ್ದರಿಂದ ಒಂದು ತಾಣದ 88 ಮತ್ತು ಇನ್ನೊಂದು ತಾಣದ 88 ಒಂದೇ ಎಂದು ಭಾವಿಸುವುದು ಕಿಲೋಮೀಟರನ್ನೂ ಮೈಲಿಯನ್ನೂ ಒಂದೇ ಎಂದು ಓದಿದಂತೆ.

247ಸ್ಪೋರ್ಟ್ಸ್ ಒಂದು ವರ್ಷದಲ್ಲಿ ಸುಮಾರು 32 ಮಂದಿಗೆ ಮಾತ್ರ ಐದು ನಕ್ಷತ್ರ ಕೊಡುವ ಗುರಿ ಇಟ್ಟುಕೊಂಡಿದೆ, ಏಕೆಂದರೆ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ 32 ಆಯ್ಕೆಗಳಿರುತ್ತವೆ. ಅಂದರೆ ಐದನೆಯ ನಕ್ಷತ್ರವು ಈ ಹುಡುಗ ಮುಂದೆ ಎಲ್ಲಿ ಮುಟ್ಟಬಹುದು ಎಂಬ ಭವಿಷ್ಯವಾಣಿಯೇ ಹೊರತು ಇವತ್ತಿನ ಆಟದ ಪ್ರಮಾಣಪತ್ರವಲ್ಲ. ಭವಿಷ್ಯವಾಣಿಗಳು ತಪ್ಪುತ್ತವೆ. ಪ್ರೌಢಶಾಲೆ ಮುಗಿಸಿದಾಗ ಅಗ್ರ ದರ್ಜೆಯ ಒಂದು ಕಾಲೇಜೂ ಕರೆಯದಿದ್ದ ಜಾಶ್ ಆಲನ್, ಕ್ಯಾಲಿಫೋರ್ನಿಯಾದ ರೀಡ್ಲಿಯಲ್ಲಿ ಎರಡು ವರ್ಷದ ಕಾಲೇಜಿಗೆ ಹೋಗಿ, ಅಲ್ಲಿಂದ ವಯೋಮಿಂಗ್ ಸೇರಿ, 2018ರ ಡ್ರಾಫ್ಟ್‌ನಲ್ಲಿ ಏಳನೆಯ ಆಯ್ಕೆಯಾದ. ಇಂಥ ಒಂದು ಕಥೆಯನ್ನು ಹಿಡಿದು ನಕ್ಷತ್ರಗಳೆಲ್ಲ ಬೂಟಾಟಿಕೆ ಎನ್ನುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಆದರೆ ಐದು ನಕ್ಷತ್ರದವರು ವರ್ಷಕ್ಕೆ ಮೂವತ್ತರ ಆಸುಪಾಸು, ಮೂರು ನಕ್ಷತ್ರದವರು ಸಾವಿರಗಳ ಲೆಕ್ಕದಲ್ಲಿರುವಾಗ ಎರಡನೆಯ ಗುಂಪಿನಿಂದ ಹೆಚ್ಚು ಹೆಸರುಗಳು ಎನ್‌ಎಫ್‌ಎಲ್‌ನಲ್ಲಿ ಕಾಣಿಸುವುದು ಸಹಜವೇ. ನೋಡಬೇಕಾದದ್ದು ನೂರಕ್ಕೆ ಎಷ್ಟು ಮಂದಿ ಮೇಲೆ ಹೋದರು ಎಂಬುದನ್ನು, ಮತ್ತು ಆ ಲೆಕ್ಕದಲ್ಲಿ ಐದು ನಕ್ಷತ್ರದವರು ಬಹಳ ಮುಂದಿದ್ದಾರೆ.

ಒಂದೇ ಸಂಸ್ಥೆಯ ಕಣ್ಣು ತಪ್ಪಬಹುದೆಂಬ ಕಾರಣಕ್ಕೆ ಹುಟ್ಟಿದ್ದು ಕಾಂಪೊಸಿಟ್ ಎಂಬ ಪದ್ಧತಿ. 247ಸ್ಪೋರ್ಟ್ಸ್ ತನ್ನ ಅಂಕವನ್ನೂ ಇತರ ಪ್ರಮುಖ ಸಂಸ್ಥೆಗಳ ಅಂಕಗಳನ್ನೂ ಬೆರೆಸಿ, 1.0000 ಗರಿಷ್ಠವಾಗಿರುವ ಒಂದು ಸಂಖ್ಯೆಯನ್ನು ಕೊಡುತ್ತದೆ. ಆನ್ ಥ್ರೀ ತನ್ನದೇ ಆದ ಇಂಡಸ್ಟ್ರಿ ರ‍್ಯಾಂಕಿಂಗ್‌ನಲ್ಲಿ ಇಂಥದೇ ಕೆಲಸ ಮಾಡುತ್ತದೆ; 2025ರಿಂದ ಅದು ರೈವಲ್ಸ್ ಹೆಸರಿನಲ್ಲಿದೆ. ತಾಣಗಳನ್ನು ಹೋಲಿಸುವವರಿಗೆ ನನ್ನ ಮೊದಲ ಸಲಹೆ ಇಷ್ಟೇ: ಬೇರೆ ಕಾರಣ ಇಲ್ಲದಿದ್ದರೆ, ಒಬ್ಬರ ಅಭಿಪ್ರಾಯಕ್ಕಿಂತ ಬೆರೆಸಿದ ಅಂಕವನ್ನೇ ಆರಿಸಿಕೊಳ್ಳಿ. ಇದರಲ್ಲಿ ಒಂದು ಸಣ್ಣ ಮೋಸವಿದೆ ಎಂಬುದೂ ತಿಳಿದಿರಲಿ. ಅಲಬಾಮಾ ಅಥವಾ ಜಾರ್ಜಿಯಾದಂಥ ಬಲಿಷ್ಠ ತಂಡ ಒಬ್ಬ ಹುಡುಗನನ್ನು ಕರೆದ ಕೂಡಲೇ ಎಲ್ಲ ಪರಿಶೀಲಕರೂ ಅವನ ವಿಡಿಯೊವನ್ನು ಮತ್ತೊಮ್ಮೆ ತೆರೆದು ನೋಡುತ್ತಾರೆ. ಆಗ ನಾಲ್ಕು ಅಭಿಪ್ರಾಯಗಳೂ ಒಂದೇ ದಿಕ್ಕಿಗೆ ವಾಲಿದರೆ, ಸರಾಸರಿ ತೆಗೆದೂ ಆ ವಾಲು ಹೋಗುವುದಿಲ್ಲ.

ಎರಡನೆಯ ಹಂತ: ಕೂಡುವ ಬಗೆ

ನಿಜವಾದ ಜಗಳ ಇರುವುದು ಇಲ್ಲಿ. ಕಾಲ್ಪನಿಕವಾದ ಮೂರು ಕ್ಲಾಸುಗಳನ್ನು ತೆಗೆದುಕೊಳ್ಳೋಣ. ಮೊದಲನೆಯದರಲ್ಲಿ 16 ಆಟಗಾರರಿದ್ದು ಒಬ್ಬೊಬ್ಬರಿಗೂ 94 ಅಂಕ. ಎರಡನೆಯದರಲ್ಲಿ 26 ಮಂದಿಯಿದ್ದು ಒಬ್ಬೊಬ್ಬರಿಗೂ 90. ಮೂರನೆಯದರಲ್ಲಿ ಕೇವಲ 5 ಮಂದಿ, ಆದರೆ ಪ್ರತಿಯೊಬ್ಬರಿಗೂ 98. ಕಾಲೇಜು ಮಟ್ಟದ ಆಟಗಾರನೆನಿಸಿಕೊಳ್ಳಲು ಎಲ್ಲರಿಗೂ ಇರಬೇಕಾದ 70ನ್ನು ಕಳೆದು, ಅದರ ಮೇಲಿನ ಭಾಗವನ್ನು ಮಾತ್ರ ಎಣಿಸೋಣ. ಆಗ ಒಬ್ಬನ ಬೆಲೆ ಕ್ರಮವಾಗಿ 24, 20 ಮತ್ತು 28.

ಸುಮ್ಮನೆ ಕೂಡಿದರೆ ಮೊದಲನೆಯದಕ್ಕೆ 384, ಎರಡನೆಯದಕ್ಕೆ 520, ಮೂರನೆಯದಕ್ಕೆ 140. ಎರಡನೆಯ ಕ್ಲಾಸು ಸುಲಭವಾಗಿ ಗೆಲ್ಲುತ್ತದೆ, ಮತ್ತು ಅದು ಗೆದ್ದದ್ದು ತಲೆಗಳ ಸಂಖ್ಯೆಯಿಂದ. ಈ ಕ್ರಮದಲ್ಲಿ ಇನ್ನೂ ಹತ್ತು ಸಾಧಾರಣ ಹುಡುಗರನ್ನು ತುಂಬಿಸಿಕೊಂಡ ತಂಡ ಮೇಲೇರುತ್ತಲೇ ಹೋಗುತ್ತದೆ.

ಸರಾಸರಿ ತೆಗೆದರೆ ಚಿತ್ರ ತಲೆಕೆಳಗಾಗುತ್ತದೆ. 98ರ ಸರಾಸರಿಯಿರುವ ಮೂರನೆಯದು ಮೊದಲ ಸ್ಥಾನಕ್ಕೆ ಬರುತ್ತದೆ. ಒಂದು ಬದಿಯಲ್ಲೇ ಹನ್ನೊಂದು ಮಂದಿ ಆಡುವ ಆಟದಲ್ಲಿ ಐದು ಜನರನ್ನು ತಂದ ತರಬೇತುದಾರನಿಗೆ ಪ್ರಥಮ ಬಹುಮಾನ ಕೊಟ್ಟಂತಾಯಿತು. ಸರಾಸರಿ ಒಳ್ಳೆಯ ಅಳತೆಯೇ, ಆದರೆ ಒಂಟಿಯಾಗಿ ಬಿಟ್ಟರೆ ದಾರಿ ತಪ್ಪಿಸುತ್ತದೆ.

ಅಗ್ರ 20 ಮಂದಿಯನ್ನು ಮಾತ್ರ ಎಣಿಸುವುದು ಮೂರನೆಯ ದಾರಿ. ಯಾಹೂ ಒಡೆತನದಲ್ಲಿದ್ದಾಗ ರೈವಲ್ಸ್ ಅನುಸರಿಸಿದ್ದು ಇದನ್ನೇ, ಜೊತೆಗೆ ರಾಷ್ಟ್ರೀಯ ಪಟ್ಟಿಯ ಮೇಲ್ಭಾಗದ ಹುಡುಗರಿಗೆ ಹೆಚ್ಚುವರಿ ಅಂಕವನ್ನೂ ಕೊಡುತ್ತಿತ್ತು. ಹೆಚ್ಚುವರಿಯನ್ನು ಬಿಟ್ಟು ನಮ್ಮ ಲೆಕ್ಕಕ್ಕೆ ಇದನ್ನು ಹಚ್ಚಿದರೆ ಮೊದಲನೆಯದಕ್ಕೆ 384, ಎರಡನೆಯದಕ್ಕೆ 400. ತುಂಬಿಸಿಕೊಂಡ ಕೊನೆಯ ಆರು ಮಂದಿ ಲೆಕ್ಕದಿಂದ ಬಿದ್ದುಹೋದರೂ ಎರಡನೆಯ ಕ್ಲಾಸು ಕೂದಲೆಳೆಯಲ್ಲಿ ಮುಂದಿದೆ. ಇಪ್ಪತ್ತನೆಯವನಿಗೆ ಪೂರ್ತಿ ಬೆಲೆ, ಇಪ್ಪತ್ತೊಂದನೆಯವನಿಗೆ ಸೊನ್ನೆ ಎಂಬ ಗೋಡೆ ಈ ಪದ್ಧತಿಯ ದೋಷ. ಯಾರು ಬೇಕಾದರೂ ಕೈಯಲ್ಲಿ ಕೂಡಿ ಪರೀಕ್ಷಿಸಬಹುದು ಎಂಬುದು ಅದರ ಗುಣ.

247ಸ್ಪೋರ್ಟ್ಸ್ ಪ್ರಕಟಿಸಿರುವ ಸೂತ್ರ ಆ ಗೋಡೆಯನ್ನು ಇಳಿಜಾರಾಗಿ ಮಾಡುತ್ತದೆ. ಗಣಿತದಲ್ಲಿ ಗಾಸಿಯನ್ ಎಂದು ಕರೆಯುವ, ಗಂಟೆಯ ಆಕಾರದ ರೇಖೆಯನ್ನು ಇಲ್ಲಿ ಬಳಸಲಾಗಿದೆ. ಕ್ಲಾಸಿನ ಅತ್ಯುತ್ತಮ ಆಟಗಾರನ ಅಂಕ ಪೂರ್ತಿಯಾಗಿ ಸೇರುತ್ತದೆ, ಎರಡನೆಯವನದು ಹೆಚ್ಚುಕಡಿಮೆ ಪೂರ್ತಿ, ಮುಂದೆ ಹೋದಂತೆ ಪಾಲು ಕುಗ್ಗುತ್ತಾ ಕೊನೆಯವನದು ಚೂರು ಮಾತ್ರ ಸೇರುತ್ತದೆ. ಎಷ್ಟು ಬೇಗ ಕುಗ್ಗಬೇಕೆಂಬುದನ್ನು, ಎಲ್ಲ ತಂಡಗಳ ಕ್ಲಾಸುಗಳ ಗಾತ್ರ ಒಂದರಿಂದ ಒಂದಕ್ಕೆ ಎಷ್ಟು ಏರುಪೇರಾಗಿದೆ ಎಂಬ ಪ್ರಮಾಣ ವಿಚಲನೆ ನಿರ್ಧರಿಸುತ್ತದೆ. ಆ ವಿಚಲನೆಯನ್ನು ಲೆಕ್ಕದ ಅನುಕೂಲಕ್ಕಾಗಿ 9 ಎಂದು ಇಟ್ಟುಕೊಂಡರೆ ಐದನೆಯ ಆಟಗಾರನ ಅಂಕದಲ್ಲಿ ಶೇ. 91, ಹತ್ತನೆಯವನದರಲ್ಲಿ ಶೇ. 61, ಹದಿನೈದನೆಯವನದರಲ್ಲಿ ಶೇ. 30, ಇಪ್ಪತ್ತನೆಯವನದರಲ್ಲಿ ಶೇ. 11, ಇಪ್ಪತ್ತೈದನೆಯವನದರಲ್ಲಿ ಶೇ. 3ರಷ್ಟು ಮಾತ್ರ ತಂಡದ ಖಾತೆಗೆ ಬರುತ್ತದೆ. ಹದಿನಾರರ ನಂತರ ಸೇರಿದ ಹತ್ತು ಮಂದಿ ಎಲ್ಲರೂ ಒಟ್ಟಾಗಿ ಒಬ್ಬ ಮೊದಲ ಆಟಗಾರನಷ್ಟು ತೂಗುವುದಿಲ್ಲ. ಈಗ ನಮ್ಮ ಮೂರು ಕ್ಲಾಸುಗಳಿಗೆ ಬರುವ ಅಂಕ ಸುಮಾರು 260, 235 ಮತ್ತು 135. ಮೊದಲ ಬಾರಿಗೆ ಒಂದನೆಯ ಕ್ಲಾಸು ಮೇಲೆ ಬಂದಿದೆ, ಐದು ಮಂದಿಯ ಕ್ಲಾಸು ತನಗೆ ತಕ್ಕ ಜಾಗದಲ್ಲಿ ಕುಳಿತಿದೆ. ದೇಶದ ಅಗ್ರ ತಂಡಗಳ ಅಂಕ ಆ ತಾಣದಲ್ಲಿ 300ರ ಆಸುಪಾಸಿನಲ್ಲಿ ಕಾಣಿಸುವುದಕ್ಕೂ ಈ ಲೆಕ್ಕ ಹೊಂದಿಕೊಳ್ಳುತ್ತದೆ. ನನಗೆ ಈ ಸೂತ್ರ ಹೆಚ್ಚು ಒಪ್ಪಿಗೆಯಾಗುವುದು ಅದು ಜಾಣತನದ್ದೆಂಬ ಕಾರಣಕ್ಕಲ್ಲ. ತರಬೇತುದಾರರು ತಮ್ಮ ಕ್ಲಾಸನ್ನು ನೋಡುವ ರೀತಿಗೆ ಅದು ಹತ್ತಿರವಾಗಿದೆ. ಪಂದ್ಯ ಗೆಲ್ಲಿಸುವ ಎಂಟು ಹತ್ತು ಮಂದಿ ಯಾರು ಎಂಬುದು ಅವರ ಮೊದಲ ಪ್ರಶ್ನೆ, ಪಟ್ಟಿ ತುಂಬಿತೇ ಎಂಬುದು ಆಮೇಲಿನದು.

ಆನ್ ಥ್ರೀ ಸರಾಸರಿಯ ಕಡೆಗೆ ವಾಲುತ್ತದೆ, ಆದ್ದರಿಂದ ಅದರ ತಂಡದ ಅಂಕ ಆಟಗಾರನ ಅಂಕದಂತೆಯೇ 90ರ ಸುತ್ತ ಕಾಣುತ್ತದೆ. ಹೆಚ್ಚು ಜನರನ್ನು ಸೇರಿಸಿಕೊಂಡವರಿಗೆ ಲಾಭವಾಗದಿರಲಿ ಎಂಬುದು ಅದರ ಉದ್ದೇಶ. ಇಎಸ್‌ಪಿಎನ್‌ನಲ್ಲಿ ಪರಿಶೀಲಕರ ಬರಹಕ್ಕೆ ಹೆಚ್ಚು ಜಾಗವಿದೆ, ಹಾಗಾಗಿ ಅದನ್ನು ಓದುವುದು ಅಂಕಕ್ಕಿಂತ ಹೆಚ್ಚಾಗಿ ವಿವರಣೆಗೆ. ಹಳೆಯ ಅಭ್ಯಾಸದಿಂದ ನಾಲ್ಕು ತಾಣಗಳನ್ನು ನಾಲ್ಕು ಸ್ವತಂತ್ರ ಸಾಕ್ಷಿಗಳಂತೆ ಎಣಿಸುವವರು ಒಂದು ಬದಲಾವಣೆಯನ್ನು ಗಮನಿಸಬೇಕು: 2025ರಲ್ಲಿ ರೈವಲ್ಸ್ ಅನ್ನು ಆನ್ ಥ್ರೀ ಕೊಂಡುಕೊಂಡಿತು. ಕುತೂಹಲದ ಸಂಗತಿಯೆಂದರೆ ಆನ್ ಥ್ರೀಯನ್ನು ಕಟ್ಟಿದ ಶ್ಯಾನನ್ ಟೆರ್ರಿ ಹಿಂದೆ ರೈವಲ್ಸ್ ಅನ್ನು ನಡೆಸಿದವರು, 247ಸ್ಪೋರ್ಟ್ಸ್‌ನ ಸ್ಥಾಪಕರೂ ಅವರೇ. ಈ ಊರಿನ ಮೂರು ಅಂಗಡಿಗಳಿಗೆ ಒಬ್ಬನೇ ಬಡಗಿ.

ಪ್ರಶ್ನೆಗೆ ತಕ್ಕ ಅಳತೆ

ಜೂನ್ ಅಥವಾ ಜುಲೈನಲ್ಲಿ ಪಟ್ಟಿ ತೆರೆದಿದ್ದೀರಿ ಎಂದುಕೊಳ್ಳಿ. ಆಗ ಕಾಣುವುದು ಬಾಯಿಮಾತಿನ ಒಪ್ಪಿಗೆಗಳ ಪಟ್ಟಿ. 2017ರಿಂದ ಡಿಸೆಂಬರ್‌ನಲ್ಲೇ ಸಹಿ ಹಾಕುವ ಅವಕಾಶವಿದೆ, ಅದಕ್ಕೂ ಹಿಂದೆ ಫೆಬ್ರುವರಿಯ ಮೊದಲ ಬುಧವಾರವೇ ದೊಡ್ಡ ದಿನವಾಗಿತ್ತು. ಸಹಿ ಬೀಳುವವರೆಗೆ ಯಾವ ಹುಡುಗನೂ ಮನಸ್ಸು ಬದಲಿಸಬಹುದು. 2022ರ ಕ್ಲಾಸಿನ ಅಗ್ರ ಆಟಗಾರರಲ್ಲಿ ಒಬ್ಬನಾದ ಟ್ರ್ಯಾವಿಸ್ ಹಂಟರ್ ಬಹುಕಾಲ ಫ್ಲಾರಿಡಾ ಸ್ಟೇಟ್‌ನ ಪಟ್ಟಿಯಲ್ಲಿದ್ದು, ಸಹಿಯ ದಿನ ಜಾಕ್ಸನ್ ಸ್ಟೇಟ್ ಸೇರಿದ. ಬೇಸಿಗೆಯಲ್ಲಿ ಮೊದಲ ಸ್ಥಾನದಲ್ಲಿರುವ ತಂಡ ಬಹಳ ಸಲ ಬೇಗ ಬೇಗ ಒಪ್ಪಿಗೆ ಪಡೆದ ತಂಡವಷ್ಟೇ ಆಗಿರುತ್ತದೆ. ಕೂಸು ಹುಟ್ಟುವ ಮುನ್ನ ಹೊಲಿಸಿದ ಕುಲಾವಿ ಅದು. ಈ ಹೊತ್ತಿನಲ್ಲಿ ಒಟ್ಟು ಅಂಕವನ್ನು ಬಿಟ್ಟು, ಪಕ್ಕದ ಕಾಲಂನಲ್ಲಿರುವ ಸರಾಸರಿಯನ್ನೂ ಒಪ್ಪಿಕೊಂಡವರ ಸಂಖ್ಯೆಯನ್ನೂ ಜೊತೆಯಾಗಿ ಓದಬೇಕು. ಹತ್ತು ಮಂದಿಯಿಂದ 93ರ ಸರಾಸರಿ ಇರುವ ತಂಡ, ಇಪ್ಪತ್ತೆರಡು ಮಂದಿಯಿಂದ 88ರ ಸರಾಸರಿ ಇರುವ ತಂಡವನ್ನು ಡಿಸೆಂಬರ್‌ನ ಹೊತ್ತಿಗೆ ಹಿಂದಿಕ್ಕುವ ಸಂಭವವೇ ಹೆಚ್ಚು.

ಸಹಿಗಳೆಲ್ಲ ಮುಗಿದ ಮೇಲೆ, ಈ ವರ್ಷ ಯಾವ ತರಬೇತುದಾರ ಚೆನ್ನಾಗಿ ಕೆಲಸ ಮಾಡಿದ ಎಂಬುದು ನಿಮ್ಮ ಪ್ರಶ್ನೆಯಾದರೆ ಕಾಂಪೊಸಿಟ್‌ನ ಒಟ್ಟು ಅಂಕವೇ ಸಾಕು. ಎರಡು ತಂಡಗಳ ನಡುವೆ ಎರಡು ಮೂರು ಅಂಕದ ಅಂತರವಿದ್ದರೆ ಅದನ್ನು ಸಮವೆಂದೇ ತಿಳಿಯಿರಿ. ಸ್ಥಾನದ ಸಂಖ್ಯೆಗಿಂತ ಅಂಕಗಳ ನಡುವಿನ ಕಂದಕಗಳನ್ನು ನೋಡುವುದು ಮೇಲು. ಮೂರನೆಯ ಮತ್ತು ನಾಲ್ಕನೆಯ ಸ್ಥಾನದ ನಡುವೆ ದೊಡ್ಡ ಬಿರುಕು ಇದ್ದು, ನಾಲ್ಕರಿಂದ ಒಂಬತ್ತರವರೆಗೆ ಎಲ್ಲರೂ ಒಂದೇ ಗುಂಪಾಗಿರುವ ವರ್ಷಗಳಿರುತ್ತವೆ.

ನಮ್ಮ ತಂಡ ರಾಷ್ಟ್ರೀಯ ಪ್ರಶಸ್ತಿ ಗೆಲ್ಲುವ ಮಟ್ಟದಲ್ಲಿದೆಯೇ ಎಂಬುದು ಬೇರೆಯೇ ಪ್ರಶ್ನೆ, ಮತ್ತು ಅದಕ್ಕೆ ಒಂದು ವರ್ಷದ ಕ್ಲಾಸು ಉತ್ತರ ಕೊಡಲಾರದು. ಮೈದಾನಕ್ಕಿಳಿಯುವ ತಂಡ ನಾಲ್ಕು ಐದು ವರ್ಷಗಳ ಕ್ಲಾಸುಗಳ ಮೊತ್ತ. ಪತ್ರಕರ್ತ ಬಡ್ ಎಲಿಯಟ್ ಜನಪ್ರಿಯಗೊಳಿಸಿದ ಬ್ಲೂ ಚಿಪ್ ರೇಷಿಯೊ ಇದಕ್ಕೆ ಹೊಂದುತ್ತದೆ: ಹಿಂದಿನ ನಾಲ್ಕು ಕ್ಲಾಸುಗಳಲ್ಲಿ ಸಹಿ ಹಾಕಿದವರ ಪೈಕಿ ನಾಲ್ಕು ಮತ್ತು ಐದು ನಕ್ಷತ್ರದವರು ಅರ್ಧಕ್ಕಿಂತ ಹೆಚ್ಚಿರಬೇಕು. ಸೂತ್ರವಿಲ್ಲ, ತೂಕವಿಲ್ಲ, ಕಾಗದದ ಮೇಲೆ ಐದು ನಿಮಿಷದಲ್ಲಿ ಮುಗಿಯುವ ಭಾಗಾಕಾರ. ಅಲಬಾಮಾ 2011ರಿಂದ 2017ರವರೆಗೆ ಸತತ ಏಳು ವರ್ಷ ಕಾಂಪೊಸಿಟ್‌ನ ಮೊದಲ ಸ್ಥಾನದಲ್ಲಿದ್ದದ್ದನ್ನೂ ಅದರ ತರಬೇತುದಾರ ನಿಕ್ ಸೇಬನ್ ಆ ಅವಧಿಯಲ್ಲಿ ಗೆದ್ದ ಪ್ರಶಸ್ತಿಗಳನ್ನೂ ಜೊತೆಗಿಟ್ಟು ನೋಡಿದರೆ ಈ ಅಳತೆಯ ಹಿಂದಿನ ತರ್ಕ ತಿಳಿಯುತ್ತದೆ. ಅರ್ಧದ ಗೆರೆಗಿಂತ ಬಹಳ ಕೆಳಗಿದ್ದ ಟಿಸಿಯು (ಟೆಕ್ಸಸ್ ಕ್ರಿಶ್ಚಿಯನ್ ಯೂನಿವರ್ಸಿಟಿ) 2022ರ ಋತುವಿನಲ್ಲಿ ಫೈನಲ್‌ವರೆಗೆ ಬಂದು ಜಾರ್ಜಿಯಾದ ಎದುರು 65–7ರಿಂದ ಸೋತದ್ದೂ ಈ ಅಳತೆಯನ್ನು ಎತ್ತಿಹಿಡಿಯುವವರಿಗೆ ಪ್ರಿಯವಾದ ಉದಾಹರಣೆ. ಆದರೆ ಇದು ಕೆಳಮಟ್ಟದ ಅರ್ಹತೆಯನ್ನು ಹೇಳುತ್ತದೆಯೇ ಹೊರತು ಅರ್ಹರಾದ ತಂಡಗಳಲ್ಲಿ ಯಾವುದು ಮುಂದು ಎಂಬುದನ್ನಲ್ಲ.

ಅದಕ್ಕಿಂತ ದೊಡ್ಡ ಕೊರತೆಯೆಂದರೆ ಬ್ಲೂ ಚಿಪ್ ರೇಷಿಯೊ ಬೇರೆ ಕಾಲೇಜಿನಿಂದ ವರ್ಗಾವಣೆಯಾಗಿ ಬಂದವರನ್ನು ಎಣಿಸುವುದಿಲ್ಲ. 2018ರ ಅಕ್ಟೋಬರ್‌ನಲ್ಲಿ, ಕಾಲೇಜು ಬದಲಿಸಲು ಬಯಸುವ ಆಟಗಾರರು ಹೆಸರು ನೋಂದಾಯಿಸುವ ಟ್ರಾನ್ಸ್‌ಫರ್ ಪೋರ್ಟಲ್ ತೆರೆದುಕೊಂಡಿತು. 2021ರಲ್ಲಿ ಒಮ್ಮೆ ವರ್ಗಾವಣೆಯಾದವರು ಒಂದು ವರ್ಷ ಕಾಯದೆ ಆಡಬಹುದೆಂಬ ನಿಯಮ ಬಂತು, ಅದೇ ಜುಲೈಯಲ್ಲಿ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸುವ ಅವಕಾಶವೂ ಬಂತು. ವರ್ಷಕ್ಕೆ 25 ಹೊಸಬರು ಎಂಬ ಮಿತಿಯನ್ನು 2022ರಲ್ಲಿ ಸಡಿಲಿಸಿ, ಮರುವರ್ಷ ಶಾಶ್ವತವಾಗಿ ತೆಗೆದುಹಾಕಿದರು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಇತ್ಯರ್ಥದ ನಂತರ 85 ಸ್ಕಾಲರ್‌ಶಿಪ್‌ಗಳ ಮಿತಿಯ ಬದಲು ತಂಡಕ್ಕೆ 105 ಮಂದಿಯ ಮಿತಿ ಬಂದಿದೆ. ಎಲ್ಲ ಕ್ಲಾಸುಗಳೂ ಹೆಚ್ಚುಕಡಿಮೆ 25ರ ಗಾತ್ರದಲ್ಲಿದ್ದ ಕಾಲದಲ್ಲಿ ಯಾವ ಸೂತ್ರ ಬಳಸಿದರೂ ಉತ್ತರಗಳು ಹತ್ತಿರ ಹತ್ತಿರ ಬರುತ್ತಿದ್ದವು. ಈಗ ಒಬ್ಬ ತರಬೇತುದಾರ 14 ಪ್ರೌಢಶಾಲಾ ಹುಡುಗರನ್ನೂ 20 ವರ್ಗಾವಣೆಯವರನ್ನೂ ತರುತ್ತಾನೆ, ಇನ್ನೊಬ್ಬ 28 ಹುಡುಗರನ್ನು ತರುತ್ತಾನೆ, ಹಾಗಾಗಿ ಸೂತ್ರದ ಆಯ್ಕೆ ಹಿಂದೆಂದಿಗಿಂತ ಹೆಚ್ಚು ವ್ಯತ್ಯಾಸ ಮಾಡುತ್ತದೆ.

ಆದ್ದರಿಂದ ಮುಂದಿನ ಋತುವಿನಲ್ಲಿ ಏನಾಗಬಹುದು ಎಂದು ಕೇಳುವವರು ಪ್ರೌಢಶಾಲಾ ರ‍್ಯಾಂಕಿಂಗ್‌ನ ಪುಟದಲ್ಲಿ ನಿಲ್ಲಬಾರದು. ವರ್ಗಾವಣೆಗಳನ್ನೂ ಸೇರಿಸಿ ತಯಾರಿಸುವ ಪ್ರತ್ಯೇಕ ಪಟ್ಟಿಗೆ ಹೋಗಬೇಕು. 2024ರಲ್ಲಿ ತರಬೇತುದಾರ ಕರ್ಟ್ ಸಿಗ್ನೆಟ್ಟಿ ತಾನು ಮೊದಲಿದ್ದ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದಿಂದ ತನ್ನ ಜೊತೆ ಅನೇಕ ಆಟಗಾರರನ್ನು ಕರೆತಂದು, ಇಂಡಿಯಾನಾವನ್ನು ಒಂದೇ ವರ್ಷದಲ್ಲಿ 12 ತಂಡಗಳ ಪ್ಲೇಆಫ್‌ಗೆ ಮುಟ್ಟಿಸಿದ್ದು ಯಾವ ಪ್ರೌಢಶಾಲಾ ಪಟ್ಟಿಯಿಂದಲೂ ಊಹಿಸಲಾಗದ ಸಂಗತಿ. ಅದೇ ಋತುವಿನಲ್ಲಿ ಪ್ರಶಸ್ತಿ ಗೆದ್ದ ಒಹಾಯೊ ಸ್ಟೇಟ್ ಎರಡೂ ಕೈಗಳಿಂದ ಆಡಿತು: ವರ್ಷಗಳಿಂದ ಕೂಡಿಹಾಕಿದ ಉತ್ತಮ ಕ್ಲಾಸುಗಳು ಒಂದು ಕಡೆ, ಕ್ಯಾನ್ಸಸ್ ಸ್ಟೇಟ್‌ನಿಂದ ಬಂದ ಕ್ವಾರ್ಟರ್‌ಬ್ಯಾಕ್ (ದಾಳಿಯನ್ನು ನಡೆಸಿ ಚೆಂಡು ಎಸೆಯುವವನು) ವಿಲ್ ಹೋವರ್ಡ್ ಮತ್ತು ಅಲಬಾಮಾದಿಂದ ಬಂದ ಕೇಲಬ್ ಡೌನ್ಸ್ ಇನ್ನೊಂದು ಕಡೆ.

ಯಾವ ಸೂತ್ರವೂ ಹೇಳದ ಒಂದು ವಿಷಯವಿದೆ, ಅದನ್ನು ಓದುಗರು ತಾವೇ ನೋಡಿಕೊಳ್ಳಬೇಕು. ಆಟಗಾರ ಮೈದಾನದಲ್ಲಿ ಯಾವ ಸ್ಥಾನದಲ್ಲಿ ಆಡುತ್ತಾನೆ ಎಂಬುದು ಅಂಕಕ್ಕೆ ಗೊತ್ತಿಲ್ಲ. ಎಸೆದ ಚೆಂಡನ್ನು ಹಿಡಿಯುವ ನಾಲ್ವರು ಅತ್ಯುತ್ತಮ ರಿಸೀವರ್‌ಗಳನ್ನು ತಂದು, ಕ್ವಾರ್ಟರ್‌ಬ್ಯಾಕನ್ನು ಕಾಯುವ ಅಫೆನ್ಸಿವ್ ಲೈನ್‌ಗೆ ಒಬ್ಬನನ್ನೂ ತರದ ಕ್ಲಾಸು ಪಟ್ಟಿಯಲ್ಲಿ ಮಿಂಚಬಹುದು. ಎರಡು ತಂಡಗಳ ಅಂಕ ಹತ್ತಿರವಿದ್ದಾಗ ನಾನು ಮೊದಲು ಎಣಿಸುವುದು ದಾಳಿ ಮತ್ತು ರಕ್ಷಣೆ ಎರಡೂ ಕಡೆಯ ಲೈನ್‌ಗೆ ಎಷ್ಟು ಮಂದಿ ಬಂದರು ಎಂಬುದನ್ನು, ಆಮೇಲೆ ಕ್ವಾರ್ಟರ್‌ಬ್ಯಾಕ್ ಇದ್ದಾನೆಯೇ ಎಂಬುದನ್ನು.

ಇನ್ನು ಉಳಿಯುವುದು, ಬಂದವರು ನಿಂತರೇ ಎಂಬ ಪ್ರಶ್ನೆ. 2022ರಲ್ಲಿ ಟೆಕ್ಸಸ್ ಎ ಅಂಡ್ ಎಂ ತಂದ ಕ್ಲಾಸಿಗೆ 247ಸ್ಪೋರ್ಟ್ಸ್ ಕಾಂಪೊಸಿಟ್‌ನ ಇತಿಹಾಸದಲ್ಲೇ ಅತಿ ಹೆಚ್ಚು ಅಂಕ ಬಂದಿತ್ತು. ಆ ವರ್ಷ ತಂಡ ಐದು ಪಂದ್ಯ ಗೆದ್ದು ಏಳನ್ನು ಸೋತಿತು, ಆ ಹುಡುಗರಲ್ಲಿ ಅನೇಕರು ಪೋರ್ಟಲ್ ಹಿಡಿದು ಹೊರಟರು, 2023ರ ನವೆಂಬರ್‌ನಲ್ಲಿ ತರಬೇತುದಾರ ಜಿಂಬೊ ಫಿಶರ್ ಅವರನ್ನು 7 ಕೋಟಿ 50 ಲಕ್ಷ ಡಾಲರಿಗೂ ಹೆಚ್ಚಿನ ಪರಿಹಾರ ಕೊಡಬೇಕಾದ ಒಪ್ಪಂದವಿದ್ದರೂ ಮನೆಗೆ ಕಳಿಸಲಾಯಿತು. ಕ್ಲಾಸಿನ ಅಂಕ ಮಾತ್ರ ಈಗಲೂ ಹಾಗೆಯೇ ಇದೆ, ಏಕೆಂದರೆ ಸಹಿಯ ನಂತರ ಬಿಟ್ಟುಹೋದವರನ್ನು ಯಾರೂ ಕಳೆಯುವುದಿಲ್ಲ. ಕಾಂಪೊಸಿಟ್‌ನಲ್ಲಿ 1.0000 ಪೂರ್ಣಾಂಕ ಪಡೆದ ಕೆಲವೇ ಹುಡುಗರಲ್ಲಿ ಒಬ್ಬನಾದ ಕ್ವಿನ್ ಯೂವರ್ಸ್, ಪ್ರೌಢಶಾಲೆಯನ್ನು ಒಂದು ವರ್ಷ ಮೊದಲೇ ಮುಗಿಸಿ ಒಹಾಯೊ ಸ್ಟೇಟ್‌ನ 2021ರ ಕ್ಲಾಸಿಗೆ ಸೇರಿದ, ಅಲ್ಲಿ ಎರಡೇ ಎರಡು ಸ್ನ್ಯಾಪ್ (ಚೆಂಡು ಚಾಲನೆಗೆ ಬರುವ ಒಂದೊಂದು ಸರದಿ) ಆಡಿದ, ಅದೇ ಡಿಸೆಂಬರ್‌ನಲ್ಲಿ ಟೆಕ್ಸಸ್‌ಗೆ ಹೊರಟ, ಮುಂದೆ ಆ ತಂಡವನ್ನು ಸತತ ಎರಡು ಋತುಗಳಲ್ಲಿ ಪ್ಲೇಆಫ್‌ನ ಸೆಮಿಫೈನಲ್‌ಗೆ ಒಯ್ದ. ಹಳೆಯ ಪುಟವನ್ನು ತೆರೆದು ನೋಡಿದರೆ ಅವನ ಪೂರ್ಣಾಂಕ ಇಂದಿಗೂ ಕಾಣುವುದು ಒಹಾಯೊ ಸ್ಟೇಟ್‌ನ ಖಾತೆಯಲ್ಲಿ.